ದೂರದ ಹಕ್ಕಿಯನ್ನು ಹತ್ತಿರ ತರುವ ಬಗೆ

ಟೆಲಿಕನ್ವರ್ಟರ್ ಎಂಬುದು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರಿಸುವ ಗಾಜುಗಳ ಗಿಡ್ಡ ಕೊಳವೆ. ಲೆನ್ಸ್ ಮೂಡಿಸಿದ ಬಿಂಬವನ್ನು ಇದು ಹಿಗ್ಗಿಸುತ್ತದೆ; ಸೆನ್ಸರ್ ಅದರ ನಡುಭಾಗವನ್ನಷ್ಟೇ ಹಿಡಿಯುತ್ತದೆ. 1.4 ಪಟ್ಟಿನ ಕನ್ವರ್ಟರ್ ಹಾಕಿದರೆ 300 ಮಿ.ಮೀ. ಲೆನ್ಸ್ 420 ಆಗುತ್ತದೆ, 2 ಪಟ್ಟಿನದಕ್ಕೆ 600. ಸ್ವತಂತ್ರ 600 ಮಿ.ಮೀ. ಎಫ್/4 ಲೆನ್ಸಿನ ಬೆಲೆ ಹತ್ತು ಲಕ್ಷ ರೂಪಾಯಿ ದಾಟುವಾಗ ಅಂಗೈಯಲ್ಲಿ ಹಿಡಿಸುವ ಈ ಸಾಧನ ದೊಡ್ಡ ಆಸರೆ.

ಇದಕ್ಕೆ ತೆರುವುದು ಬೆಳಕನ್ನು. ಬಿಂಬ ಹಿಗ್ಗಿದಷ್ಟೂ ಅದೇ ಬೆಳಕು ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. 1.4 ಪಟ್ಟಿಗೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ಕಳೆದು ಎಫ್/4 ಲೆನ್ಸ್ ಎಫ್/5.6 ಆಗುತ್ತದೆ, 2 ಪಟ್ಟಿಗೆ ಎರಡು ಸ್ಟಾಪ್ ಕಳೆದು ಎಫ್/8ಕ್ಕೆ ಇಳಿಯುತ್ತದೆ. ಆಗ ಸೆಕೆಂಡಿನ 1/1000 ಶಟರ್ ವೇಗ 1/250ಕ್ಕೆ ಬರುತ್ತದೆ, ಇಲ್ಲವೇ ಐಎಸ್‌ಒ ನಾಲ್ಕು ಪಟ್ಟು ಏರಿಸಬೇಕಾಗುತ್ತದೆ. ನಸುಕಿನ ಕಾಡಿನಲ್ಲಿ ಇದು ಸಣ್ಣ ನಷ್ಟವಲ್ಲ. ಜೊತೆಗೆ ಲೆನ್ಸಿನ ದೋಷಗಳೂ ಹಿಗ್ಗುತ್ತವೆ. ಆದ್ದರಿಂದ ಒಳ್ಳೆಯ ಪ್ರೈಮ್ ಲೆನ್ಸಿಗೆ 1.4 ಪಟ್ಟಿನ ಕನ್ವರ್ಟರ್ ಚೆನ್ನಾಗಿ ಹೊಂದುತ್ತದೆ; ಅಗ್ಗದ ಜೂಮ್ ಲೆನ್ಸಿಗೆ 2 ಪಟ್ಟಿನದು ಹಾಕಿದರೆ ಗರಿಗಳ ವಿವರ ಕಲಸಿಹೋಗುವುದೇ ಹೆಚ್ಚು. ಎಫ್/5.6 ಅಥವಾ ಎಫ್/8 ದಾಟಿದರೆ ಹಳೆಯ ಡಿಎಸ್ಎಲ್ಆರ್‌ಗಳ ಆಟೋಫೋಕಸ್ ಕೈಕೊಡುತ್ತದೆ. ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ತೊಡಕು ಬಹಳ ಕಡಿಮೆ. ಕನ್ವರ್ಟರಿನಿಂದ ಇನ್ನೊಂದು ಲಾಭವೂ ಇದೆ: ಲೆನ್ಸ್ ಫೋಕಸ್ ಮಾಡಬಲ್ಲ ಕನಿಷ್ಠ ದೂರ ಬದಲಾಗದ್ದರಿಂದ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳು ಇನ್ನೂ ದೊಡ್ಡದಾಗಿ ಸಿಗುತ್ತವೆ.

ಕನ್ವರ್ಟರ್ ಇಲ್ಲದೆಯೂ, ಫುಲ್‌ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸ್ 600ರಷ್ಟು ಕಿರಿದಾದ ನೋಟ ಕೊಡುತ್ತದೆ. ಇಲ್ಲಿ ಲೆನ್ಸ್ ಉದ್ದವಾಗುವುದಿಲ್ಲ, ಚೌಕಟ್ಟು ಚಿಕ್ಕದಾಗುತ್ತದೆ ಅಷ್ಟೆ. 45 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಚಿತ್ರವನ್ನು ಅದೇ ಅಳತೆಗೆ ಕತ್ತರಿಸಿದರೂ ಸುಮಾರು 20 ಮೆಗಾಪಿಕ್ಸೆಲ್ ಉಳಿಯುತ್ತದೆ. ಹಕ್ಕಿಯ ಮೈಮೇಲೆ ಎಷ್ಟು ಪಿಕ್ಸೆಲ್ ಬಿದ್ದವು ಎಂಬುದೇ ಮುಖ್ಯ ಲೆಕ್ಕ.

ನೋಟ ಕಿರಿದಾದಷ್ಟೂ ಅಲುಗಾಟ ಎದ್ದು ಕಾಣುತ್ತದೆ. ಸಫಾರಿ ಜೀಪಿನಲ್ಲಿ ಎಂಜಿನ್ ನಿಲ್ಲಿಸಿ, ಕಂಬಿಯ ಮೇಲೆ ಬೀನ್ ಬ್ಯಾಗ್ ಇಟ್ಟು ಲೆನ್ಸ್ ಊರಿದರೆ ಸಾಕು. ರಂಗನತಿಟ್ಟಿನ ದೋಣಿಯೇ ತೂಗಾಡುವುದರಿಂದ ಅಲ್ಲಿ ವೇಗದ ಶಟರೇ ಗತಿ.

ಯಾವ ಸಾಧನವೂ ಗೆಲ್ಲಲಾರದ್ದು ಬಿಸಿ ಗಾಳಿಯನ್ನು. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ಬಯಲಲ್ಲಿ ಹೊತ್ತೇರಿದ ಮೇಲೆ ನೆಲದಿಂದೇಳುವ ಬಿಸಿ ದೂರದ ಆನೆಯ ಅಂಚುಗಳನ್ನು ನಡುಗಿಸುತ್ತದೆ. ಆಗ 800 ಮಿ.ಮೀ.ನಲ್ಲಿ ತೆಗೆದುದಕ್ಕಿಂತ ಬೆಳಗಿನ ತಂಪಿನಲ್ಲಿ 400ರಲ್ಲಿ ತೆಗೆದ ಚಿತ್ರವೇ ಸ್ಪಷ್ಟವಾಗಿರುತ್ತದೆ.