ಸಕಾಲ (ಕರ್ನಾಟಕ)

ಸಕಾಲವು ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯೊಳಗೆ ಪಡೆಯುವುದನ್ನು ನಾಗರಿಕರ ಹಕ್ಕನ್ನಾಗಿಸಿದ ಕರ್ನಾಟಕದ ವ್ಯವಸ್ಥೆ. ‘ತಕ್ಕ ಸಮಯ’ ಎಂಬುದು ಈ ಪದದ ಅರ್ಥ. ಇದಕ್ಕೆ ಆಧಾರವಾಗಿರುವುದು ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ, 2011. ಮುಂದೆ ಇದಕ್ಕೆ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ ಎಂಬ ಹೆಸರು ಬಂದಿತು.

ಹಿನ್ನೆಲೆ

ಭಾರತದಲ್ಲಿ ಇಂತಹ ಕಾನೂನನ್ನು ಮೊದಲು ಜಾರಿಗೆ ತಂದ ರಾಜ್ಯ ಮಧ್ಯಪ್ರದೇಶ (2010). ಕರ್ನಾಟಕದಲ್ಲಿ 2012ರ ಮಾರ್ಚ್ 1ರಿಂದ ಔರಾದ, ಧಾರವಾಡ, ಚಿತ್ರದುರ್ಗ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಪ್ರಯೋಗ ನಡೆಯಿತು. ಏಪ್ರಿಲ್ 2ರಂದು ಯೋಜನೆಯು ರಾಜ್ಯಾದ್ಯಂತ ಆರಂಭವಾಯಿತು. ಆಗ 11 ಇಲಾಖೆಗಳ 151 ಸೇವೆಗಳು ಇದರ ವ್ಯಾಪ್ತಿಯಲ್ಲಿದ್ದವು. ಡಿ.ವಿ. ಸದಾನಂದ ಗೌಡ ಅಂದಿನ ಮುಖ್ಯಮಂತ್ರಿ. ಪಶ್ಚಿಮ ಬೆಂಗಳೂರಿನ ರಾಜಾಜಿನಗರ ಕ್ಷೇತ್ರದ ಶಾಸಕರೂ ಕಾನೂನು ಸಚಿವರೂ ಆಗಿದ್ದ ಎಸ್. ಸುರೇಶ್ ಕುಮಾರ್ ಯೋಜನೆಯ ಜಾರಿಯಲ್ಲಿ ಪ್ರಮುಖ ಪಾತ್ರ ವಹಿಸಿದರು.

ಕಾರ್ಯವಿಧಾನ

ಅರ್ಜಿ ಸಲ್ಲಿಸಿದವರಿಗೆ ಸ್ವೀಕೃತಿ ಪತ್ರ ದೊರೆಯುತ್ತದೆ. ಅದರಲ್ಲಿ ಜಿಎಸ್‌ಸಿ ಎಂಬ ಪ್ರತ್ಯೇಕ ಸಂಖ್ಯೆಯೂ ಸೇವೆ ನೀಡಬೇಕಾದ ಕೊನೆಯ ದಿನಾಂಕವೂ ಇರುತ್ತವೆ. ಈ ಸಂಖ್ಯೆಯ ಮೂಲಕ ಅರ್ಜಿಯ ಸ್ಥಿತಿಯನ್ನು ಅಂತರಜಾಲದಲ್ಲಿ ತಿಳಿಯಬಹುದು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ತಂತ್ರಾಂಶವು ಪ್ರತಿ ಕಚೇರಿಯಲ್ಲಿ ವಿಲೇವಾರಿಯಾದ ಮತ್ತು ಬಾಕಿ ಉಳಿದ ಅರ್ಜಿಗಳ ಲೆಕ್ಕವನ್ನಿಡುತ್ತದೆ. ಹೀಗೆ, ಹಿಂದೆ ಅರ್ಜಿದಾರನೊಬ್ಬನ ಅನುಭವವಾಗಿ ಮಾತ್ರ ಉಳಿಯುತ್ತಿದ್ದ ವಿಳಂಬವು ಮೇಲಧಿಕಾರಿಗಳ ಕಣ್ಣಿಗೂ ಬೀಳುವ ದಾಖಲೆಯಾಯಿತು.

ಮೇಲ್ಮನವಿ ಮತ್ತು ಪರಿಹಾರ

ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ದಾಖಲಿಸಿ ಅರ್ಜಿದಾರರಿಗೆ ತಿಳಿಸಬೇಕು. ತಿರಸ್ಕಾರವಾದಾಗ ಅಥವಾ ಅವಧಿ ಮೀರಿದಾಗ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಎರಡನೆಯ ಮೇಲ್ಮನವಿಗೂ ಅವಕಾಶವಿದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವನ್ನು ಕಾನೂನು ನಿಗದಿಪಡಿಸಿದೆ. ಈ ಮೊತ್ತವನ್ನು ತಪ್ಪಿತಸ್ಥ ನೌಕರರಿಂದ ವಸೂಲು ಮಾಡಲಾಗುತ್ತದೆ.

ಮಿತಿಗಳು

ಪರಿಹಾರದ ಮೊತ್ತವು 25 ದಿನಗಳಲ್ಲೇ ಗರಿಷ್ಠ ಮಿತಿಯನ್ನು ಮುಟ್ಟುತ್ತದೆ. ಅನಂತರದ ವಿಳಂಬಕ್ಕೆ ಹೆಚ್ಚಿನ ದಂಡವಿಲ್ಲ. ತಿರಸ್ಕೃತ ಅರ್ಜಿಯೂ ವಿಲೇವಾರಿಯಾದ ಅರ್ಜಿಯೇ. ಆದ್ದರಿಂದ ಸಕಾಲಿಕ ವಿಲೇವಾರಿಯ ಸಂಖ್ಯೆಯೊಂದರಿಂದಲೇ ಎಷ್ಟು ಜನರಿಗೆ ಸೇವೆ ದೊರಕಿತೆಂದು ನಿರ್ಧರಿಸಲಾಗದು. ಎಲ್ಲಕ್ಕಿಂತ ಮುಖ್ಯವಾಗಿ, ದಿನಗಳ ಎಣಿಕೆಗೆ ಸ್ವೀಕೃತಿ ಪತ್ರವೇ ಆಧಾರ. ಅರ್ಜಿಯನ್ನು ತಂತ್ರಾಂಶದಲ್ಲಿ ನಮೂದಿಸದೆ ಕೈಯಲ್ಲಿ ಪಡೆದಿಟ್ಟುಕೊಂಡರೆ ಆ ವಿಳಂಬವು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಈ ಹಕ್ಕನ್ನು ಚಲಾಯಿಸಲು ಅರ್ಜಿದಾರರು ಸ್ವೀಕೃತಿ ಪತ್ರವನ್ನು ಕೇಳಿ ಪಡೆಯುವುದು ಅಗತ್ಯ.