ಛಾಯಾಚಿತ್ರಕ್ಕಾಗಿ ಎತ್ತರದ ಕಟ್ಟಡ ಮತ್ತು ಗೋಪುರಗಳನ್ನು ಏರುವುದು

ಛಾಯಾಚಿತ್ರ ಅಥವಾ ಕಿರು ವಿಡಿಯೊ ತೆಗೆಯುವ ಉದ್ದೇಶದಿಂದ, ರಕ್ಷಣಾ ಸಾಧನಗಳಿಲ್ಲದೆ ಮತ್ತು ಬಹುಮಟ್ಟಿಗೆ ಅನುಮತಿಯೂ ಇಲ್ಲದೆ, ಎತ್ತರದ ಕಟ್ಟಡ, ನೀರಿನ ಟ್ಯಾಂಕ್, ಮೊಬೈಲ್ ಗೋಪುರ, ವಿದ್ಯುತ್ ಗೋಪುರ, ಸೇತುವೆ, ಕೋಟೆಯ ಬುರುಜು ಮುಂತಾದವುಗಳನ್ನು ಏರುವ ರೂಢಿಯು ೨೦೧೦ರ ನಂತರ ಜಗತ್ತಿನ ಅನೇಕ ಭಾಗಗಳಲ್ಲಿ ಹರಡಿದೆ. ಮಹಾನಗರಗಳಲ್ಲಿ ಇದರ ಗುರಿ ಗಗನಚುಂಬಿ ಕಟ್ಟಡಗಳು. ಕರ್ನಾಟಕದ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಂತಹ ಊರುಗಳಲ್ಲಿ ಗಗನಚುಂಬಿಗಳಿಲ್ಲ. ಆದರೆ ಏರಬಹುದಾದ ಎತ್ತರದ ರಚನೆಗಳಿಗೆ ಅಲ್ಲಿಯೂ ಕೊರತೆಯಿಲ್ಲ. ಇಂತಹ ಆರೋಹಣದ ಅಪಾಯವು ಎತ್ತರವೊಂದರಿಂದಲೇ ಬರುವುದಿಲ್ಲ. ತುಕ್ಕು ಹಿಡಿದ ಮೆಟ್ಟಿಲು, ಕಣ್ಣಿಗೆ ಕಾಣದ ವಿದ್ಯುತ್ತು, ಫೋನಿನ ಕಡೆಗೆ ಹರಿದ ಗಮನ ಇವೇ ಅನೇಕ ವೇಳೆ ಪ್ರಾಣಕ್ಕೆ ಎರವಾಗುತ್ತವೆ.

ಹೆಸರು ಮತ್ತು ವ್ಯಾಪ್ತಿ

ಬಹುಮಹಡಿ ಕಟ್ಟಡಗಳ ತುದಿಗೆ ಹೋಗಿ ಚಿತ್ರ ತೆಗೆಯುವುದನ್ನು 'ರೂಫ್‌ಟಾಪಿಂಗ್' ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದಕ್ಕೆ ರೂಢಿಯಾದ ಬೇರೆ ಪದವಿಲ್ಲ. ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಸೆಲ್ಫಿ, ಕೆಲವೇ ಸೆಕೆಂಡುಗಳ ವಿಡಿಯೊ ಆದ ರೀಲ್ಸ್ ಇವೆರಡೂ ಈ ರೂಢಿಗೆ ಬೆಂಬಲವಾಗಿ ನಿಂತಿವೆ. 'ಸೆಲ್ಫಿ' ಎಂಬುದನ್ನು ಆಕ್ಸ್‌ಫರ್ಡ್ ನಿಘಂಟು ೨೦೧೩ರಲ್ಲಿ ವರ್ಷದ ಪದವೆಂದು ಆಯ್ಕೆ ಮಾಡಿತು.

ಇದನ್ನು ಬಂಡೆ ಏರುವ ಕ್ರೀಡೆಯೊಡನೆ ಬೆರೆಸಬಾರದು. ಬಂಡೆ ಏರುವವರು ಹಗ್ಗ, ಸೊಂಟಪಟ್ಟಿ, ಶಿರಸ್ತ್ರಾಣಗಳನ್ನು ಬಳಸುತ್ತಾರೆ ಮತ್ತು ತರಬೇತಿ ಪಡೆದಿರುತ್ತಾರೆ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರಿ ಹೆಸರಾದ ಜ್ಯೋತಿರಾಜ್ ಅವರಂತಹವರ ಸಾಹಸದ ಹಿಂದೆಯೂ ವರ್ಷಗಳ ಅಭ್ಯಾಸವಿದೆ. ಬೇಡಿಕೆಯ ಈಡೇರಿಕೆಗಾಗಿ ಮೊಬೈಲ್ ಗೋಪುರ ಅಥವಾ ನೀರಿನ ಟ್ಯಾಂಕ್ ಏರಿ ಪ್ರತಿಭಟಿಸುವುದೂ ಬೇರೆಯೇ ಸಂಗತಿ. ಅಲ್ಲಿ ಉದ್ದೇಶ ಚಿತ್ರವಲ್ಲ. ಆದರೆ ರಚನೆ ಒಂದೇ ಆದುದರಿಂದ ಅಪಾಯಗಳೂ ಅವೇ.

ಇತಿಹಾಸ

ಎತ್ತರದಲ್ಲಿರುವ ಮನುಷ್ಯನ ಚಿತ್ರ ನೋಡುಗರನ್ನು ಸೆಳೆಯುವುದು ಹೊಸತಲ್ಲ. ೧೯೨೩ರ 'ಸೇಫ್ಟಿ ಲಾಸ್ಟ್' ಎಂಬ ಮೂಕಿಚಿತ್ರದಲ್ಲಿ ನಟ ಹೆರಾಲ್ಡ್ ಲಾಯ್ಡ್ ಬಹುಮಹಡಿ ಕಟ್ಟಡದ ಗಡಿಯಾರದ ಮುಳ್ಳು ಹಿಡಿದು ತೂಗಾಡುವ ದೃಶ್ಯ ಪ್ರಸಿದ್ಧವಾಗಿದೆ. ಆ ದೃಶ್ಯವನ್ನು ಕಟ್ಟಡವೊಂದರ ತಾರಸಿಯ ಮೇಲೆ ನಿರ್ಮಿಸಿದ ಕೃತಕ ಗೋಡೆಯಲ್ಲಿ, ಕೆಳಗೆ ಹಾಸಿಗೆ ಹಾಸಿದ ವೇದಿಕೆಯಿಟ್ಟು ಚಿತ್ರೀಕರಿಸಲಾಗಿತ್ತು. ಕ್ಯಾಮೆರಾದ ಕೋನವು ಆ ವೇದಿಕೆಯನ್ನು ಮರೆಮಾಡಿತ್ತು. ನ್ಯೂಯಾರ್ಕಿನಲ್ಲಿ ೧೯೩೨ರ ಸೆಪ್ಟೆಂಬರ್ ೨೦ರಂದು, ನಿರ್ಮಾಣದಲ್ಲಿದ್ದ ರಾಕ್‌ಫೆಲರ್ ಸೆಂಟರ್‌ನ ಕಟ್ಟಡವೊಂದರ ಉಕ್ಕಿನ ತೊಲೆಯ ಮೇಲೆ ಹನ್ನೊಂದು ಮಂದಿ ಕಾರ್ಮಿಕರು ಕುಳಿತು ಊಟ ಮಾಡುವ ಚಿತ್ರವೂ ಆ ಕಟ್ಟಡದ ಪ್ರಚಾರಕ್ಕಾಗಿ ಏರ್ಪಡಿಸಿದ್ದಾಗಿತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳು ರಾತ್ರಿಯ ವೇಳೆ ಕಾಲೇಜು ಕಟ್ಟಡಗಳನ್ನು ಏರುತ್ತಿದ್ದುದನ್ನು ಕುರಿತ ಪುಸ್ತಕ ೧೯೩೭ರಲ್ಲಿ ಛಾಯಾಚಿತ್ರಗಳೊಡನೆ ಪ್ರಕಟವಾಯಿತು.

ಮುಂಬದಿಯ ಕ್ಯಾಮೆರಾ ಇರುವ ಮೊಬೈಲ್ ಫೋನ್ ಮತ್ತು ಸಾಮಾಜಿಕ ಜಾಲತಾಣಗಳು ಬಂದ ಮೇಲೆ, ಹಿಂದೆ ವಿರಳವಾಗಿದ್ದ ಈ ಕೃತ್ಯ ವ್ಯಾಪಕವಾಯಿತು. ವಾದಿಮ್ ಮಖೊರೋವ್ ಮತ್ತು ವಿಟಾಲಿ ರಾಸ್ಕಲೋವ್ ಎಂಬಿಬ್ಬರು ನಿರ್ಮಾಣದಲ್ಲಿದ್ದ ಶಾಂಘೈ ಗೋಪುರದ ಕ್ರೇನಿನ ತುದಿಗೆ, ಸುಮಾರು ೬೫೦ ಮೀಟರ್ ಎತ್ತರಕ್ಕೆ ಏರಿದ ವಿಡಿಯೊ ೨೦೧೪ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಅನುಕರಣೆಗೆ ಪ್ರೇರಣೆಯಾಯಿತು.

ಇದರ ಮತ್ತೊಂದು ಮುಖವೂ ಬೇಗನೆ ಕಾಣಿಸಿಕೊಂಡಿತು. ಚೀನಾದ ವು ಯೊಂಗ್‌ನಿಂಗ್ ೨೦೧೭ರ ನವೆಂಬರ್ ೮ರಂದು ಚಾಂಗ್‌ಶಾ ನಗರದ ೬೨ ಮಹಡಿಗಳ ಕಟ್ಟಡದಿಂದ ಬಿದ್ದು ಮೃತಪಟ್ಟರು. ಫ್ರಾನ್ಸಿನ ರೆಮಿ ಲುಸಿಡಿ ೨೦೨೩ರ ಜುಲೈಯಲ್ಲಿ ಹಾಂಗ್‌ಕಾಂಗಿನಲ್ಲಿ ಇದೇ ರೀತಿ ಅಸುನೀಗಿದರು. ಇಬ್ಬರೂ ಇಂತಹ ಆರೋಹಣಗಳನ್ನು ಅನೇಕ ಬಾರಿ ಮಾಡಿದ ಅನುಭವಿಗಳಾಗಿದ್ದರು.

ಕಾರಣಗಳು

ಮೆಚ್ಚುಗೆ ಮತ್ತು ಅನುಯಾಯಿಗಳ ಸಂಖ್ಯೆಯ ಆಸೆ ಈ ಪ್ರವೃತ್ತಿಯ ಮುಖ್ಯ ಪ್ರೇರಣೆ. ಕೆಲವರಿಗೆ ಅದರಿಂದ ಹಣವೂ ದೊರೆಯುತ್ತದೆ. ಹದಿಹರೆಯದಲ್ಲಿ ಗೆಳೆಯರ ಎದುರು ಹಿಂಜರಿಯಬಾರದೆಂಬ ಭಾವನೆ ಪ್ರಬಲವಾಗಿರುತ್ತದೆ. ಒಬ್ಬನೇ ಇದ್ದಾಗ ಏರದವನು ಗುಂಪಿನಲ್ಲಿ ಏರುವುದುಂಟು.

ಜಾಲತಾಣದಲ್ಲಿ ಕಾಣುವುದು ಸುರಕ್ಷಿತವಾಗಿ ಇಳಿದುಬಂದವರ ಚಿತ್ರಗಳು ಮಾತ್ರ ಎಂಬುದು ಇನ್ನೊಂದು ಕಾರಣ. ಅರ್ಧದಲ್ಲಿ ಹೆದರಿ ಹಿಂದಿರುಗಿದವರು, ಕೈಕಾಲು ಮುರಿದುಕೊಂಡವರು ಚಿತ್ರ ಹಾಕುವುದಿಲ್ಲ. ಹೀಗಾಗಿ ನೋಡುವವನಿಗೆ ಯಶಸ್ಸು ಸಾಮಾನ್ಯವೆಂದೂ ಅವಘಡ ಅಪರೂಪವೆಂದೂ ತೋರುತ್ತದೆ.

ಅಪಾಯದ ಸ್ವರೂಪ

ಬೀಳುವಿಕೆ: ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ೧೦ ಮೀಟರ್ ಎತ್ತರದಿಂದ ಬಿದ್ದ ದೇಹವು ೧.೪ ಸೆಕೆಂಡಿನಲ್ಲಿ ಗಂಟೆಗೆ ಸುಮಾರು ೫೦ ಕಿ.ಮೀ. ವೇಗದಿಂದ ನೆಲಕ್ಕೆ ಅಪ್ಪಳಿಸುತ್ತದೆ. ೨೦ ಮೀಟರಿನಿಂದ ಬಿದ್ದರೆ ೨ ಸೆಕೆಂಡು, ಸುಮಾರು ೭೧ ಕಿ.ಮೀ. ವೇಗ, ೩೦ ಮೀಟರಿನಿಂದ ೨.೫ ಸೆಕೆಂಡು, ಸುಮಾರು ೮೭ ಕಿ.ಮೀ. ವೇಗ. ಮೂರು ಮಹಡಿಗಳ ಸಾಧಾರಣ ಮನೆಯ ತಾರಸಿಯೂ ಸುಮಾರು ೧೦ ಮೀಟರ್ ಎತ್ತರದಲ್ಲಿರುತ್ತದೆ. ಆದುದರಿಂದ ಪ್ರಾಣಾಪಾಯಕ್ಕೆ ಗಗನಚುಂಬಿಯೇ ಬೇಕೆಂದಿಲ್ಲ.

ಗಮನದ ವಿಭಜನೆ: ಏಣಿ ಏರುವವನ ಎರಡು ಕೈ, ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಆಧಾರಕ್ಕೆ ತಾಗಿರಬೇಕೆಂಬುದು ಎತ್ತರದಲ್ಲಿ ಕೆಲಸ ಮಾಡುವವರ ಮೂಲನಿಯಮ. ಕೈಯಲ್ಲಿ ಫೋನ್ ಹಿಡಿದ ಕ್ಷಣದಿಂದ ಈ ನಿಯಮ ಪಾಲಿಸುವುದು ಕಷ್ಟ. ದೇಹದ ಸಮತೋಲನಕ್ಕೆ ಕಣ್ಣಿನ ನೆರವು ಬೇಕು. ಹತ್ತಿರದ ಸ್ಥಿರವಸ್ತುಗಳನ್ನು ನೋಡಿ ದೇಹವು ತನ್ನ ಓಲಾಟವನ್ನು ತಿದ್ದಿಕೊಳ್ಳುತ್ತದೆ. ಎತ್ತರದಲ್ಲಿ ಅಂತಹ ವಸ್ತುಗಳು ದೂರವಾಗುತ್ತವೆ; ದೃಷ್ಟಿಯು ಪರದೆಯಲ್ಲಿ ನೆಟ್ಟಾಗ ಉಳಿದ ನೆರವೂ ತಪ್ಪುತ್ತದೆ. ಚಿತ್ರದ ಚೌಕಟ್ಟಿಗಾಗಿ ಹಿಂದಕ್ಕೆ ಒಂದು ಹೆಜ್ಜೆ ಇಡುವುದು ಬೀಳುವಿಕೆಗೆ ದಾರಿಯಾಗುತ್ತದೆ.

ವಿದ್ಯುತ್: ಅಧಿಕ ವೋಲ್ಟೇಜಿನ ತಂತಿಯನ್ನು ಮುಟ್ಟದಿದ್ದರೂ, ಸಮೀಪಿಸಿದ ಮಾತ್ರಕ್ಕೆ ಗಾಳಿಯ ಮೂಲಕವೇ ವಿದ್ಯುತ್ ಹಾಯ್ದು ದೇಹ ಸುಟ್ಟುಹೋಗಬಹುದು. ಬೀದಿಯಲ್ಲಿ ಹಾದುಹೋಗುವ ೧೧,೦೦೦ ವೋಲ್ಟಿನ ತಂತಿಗಳು ಕೆಲವು ಮನೆಗಳ ತಾರಸಿಗೆ ಸಮೀಪದಲ್ಲಿರುತ್ತವೆ. ಅಲ್ಲಿ ಲೋಹದ ಸೆಲ್ಫಿ ಕೋಲನ್ನು ಎತ್ತಿ ಹಿಡಿಯುವುದು ಅಪಾಯಕರ. ರೈಲ್ವೆಯ ಮೇಲುತಂತಿಯಲ್ಲಿ ೨೫,೦೦೦ ವೋಲ್ಟ್ ಇರುತ್ತದೆ. ನಿಂತಿರುವ ಸರಕು ರೈಲಿನ ಮೇಲೇರಿ ಚಿತ್ರ ತೆಗೆದುಕೊಳ್ಳಲು ಹೋದ ಯುವಕರು ವಿದ್ಯುತ್ ತಗುಲಿ ಸತ್ತ ಘಟನೆಗಳು ಭಾರತದಲ್ಲಿ ನಡೆದಿವೆ. ತಂತಿಯಲ್ಲಿ ವಿದ್ಯುತ್ತಿದೆಯೇ ಇಲ್ಲವೇ ಎಂಬುದನ್ನು ನೋಡಿ ತಿಳಿಯಲು ಸಾಧ್ಯವಿಲ್ಲ.

ಇಳಿಯುವಿಕೆ: ಏರುವಾಗ ಮುಂದಿನ ಮೆಟ್ಟಿಲು ಕಣ್ಣೆದುರಿಗೆ ಇರುತ್ತದೆ, ಇಳಿಯುವಾಗ ಅದನ್ನು ಕಾಲಿನಿಂದ ತಡಕಬೇಕಾಗುತ್ತದೆ. ಅಷ್ಟರಲ್ಲಿ ತೋಳುಗಳು ದಣಿದಿರುತ್ತವೆ, ಚಿತ್ರ ಸಿಕ್ಕಿತೆಂಬ ಸಂತೋಷದಲ್ಲಿ ಎಚ್ಚರ ಸಡಿಲವಾಗಿರುತ್ತದೆ. ಸೂರ್ಯಾಸ್ತದ ಚಿತ್ರಕ್ಕಾಗಿ ಏರಿದವರು ಕತ್ತಲೆಯಲ್ಲಿ ಇಳಿಯಬೇಕಾಗುತ್ತದೆ.

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ಪರಿಸರ

ಈ ಮೂರು ತಾಲ್ಲೂಕುಗಳು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ದೋಆಬ್ ಪ್ರದೇಶದಲ್ಲಿವೆ. ಬಯಲುಸೀಮೆಯಾದುದರಿಂದ ಇಲ್ಲಿ ಸ್ವಲ್ಪ ಎತ್ತರಕ್ಕೆ ಏರಿದರೂ ಸುತ್ತಲಿನ ಬಹುದೂರದ ನೋಟ ಸಿಗುತ್ತದೆ. ಚಿತ್ರ ತೆಗೆಯುವವರನ್ನು ಸೆಳೆಯುವುದೂ ಅದೇ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾಗಿರುವ ಸಿಂಧನೂರಿನಲ್ಲಿ ಅಕ್ಕಿ ಗಿರಣಿಗಳಿವೆ. ಅವುಗಳ ಚಿಮಣಿ, ಭತ್ತ ಮೇಲೆತ್ತುವ ಯಂತ್ರದ ಗೋಪುರ, ತಗಡಿನ ಛಾವಣಿ ಇವೆಲ್ಲ ಕೆಲಸಗಾರರಿಗಾಗಿ ಮಾಡಿದವು. ಹಳೆಯ ತಗಡು ಅಥವಾ ಸಿಮೆಂಟ್ ಶೀಟು ಮೇಲಿನಿಂದ ಗಟ್ಟಿಯಾಗಿ ಕಂಡರೂ ಮನುಷ್ಯನ ಭಾರಕ್ಕೆ ಒಡೆಯಬಹುದು. ಕಾಲುವೆಯ ಮೇಲಿನ ರಚನೆಗಳಿಂದ ಜಾರಿದವರಿಗೆ ಬೀಳುವ ಅಪಾಯದೊಡನೆ ಮುಳುಗುವ ಅಪಾಯವೂ ಸೇರುತ್ತದೆ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆಯು ಕಂದಕ ಮತ್ತು ಬುರುಜುಗಳಿಂದ ಕೂಡಿದ ಐತಿಹಾಸಿಕ ಕೋಟೆ. ಅದೇ ತಾಲ್ಲೂಕಿನ ಜಲದುರ್ಗವು ಕೃಷ್ಣಾ ನದಿಯ ನಡುಗಡ್ಡೆಯಲ್ಲಿದೆ. ಶತಮಾನಗಳ ಮಳೆಬಿಸಿಲಿಗೆ ಸಿಲುಕಿದ ಕೋಟೆಗೋಡೆಗಳ ಗಾರೆ ಸಡಿಲಗೊಂಡು, ಅಂಚಿನ ಕಲ್ಲುಗಳು ಕಾಲಿಟ್ಟರೆ ಅಲುಗಬಹುದು. ಹಟ್ಟಿ ಚಿನ್ನದ ಗಣಿಯಲ್ಲಿ ಆಳದ ಬಾವಿಗಳ ಮೇಲೆ ನಿಂತಿರುವ ಉಕ್ಕಿನ ಗೋಪುರಗಳು ದೂರದಿಂದಲೇ ಕಾಣುತ್ತವೆ. ಗಣಿಯ ಆವರಣಕ್ಕೆ ಅನುಮತಿಯಿಲ್ಲದೆ ಪ್ರವೇಶವಿಲ್ಲ.

೧೯೧೫ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಿಲಾಶಾಸನ ದೊರೆತ ಮಸ್ಕಿಯು ಬೆಟ್ಟ ಮತ್ತು ಹೆಬ್ಬಂಡೆಗಳ ಊರು. ಬೆಟ್ಟದ ಮೇಲೆ ಮಲ್ಲಿಕಾರ್ಜುನ ದೇವಾಲಯವಿದೆ. ಮೆಟ್ಟಿಲ ದಾರಿಯಲ್ಲಿ ಹೋಗಿ ಸುತ್ತಲ ನೋಟವನ್ನು ಸುರಕ್ಷಿತವಾಗಿ ಸೆರೆಹಿಡಿಯಬಹುದು. ಅಂಚಿನ ಬಂಡೆಗಳಿಗೆ ಹೋದಾಗಲೇ ಅಪಾಯ. ಮಳೆಯಲ್ಲಿ ಬಂಡೆ ಜಾರುತ್ತದೆ. ಬೇಸಿಗೆಯಲ್ಲಿ ಜಿಲ್ಲೆಯ ತಾಪಮಾನ ೪೦ ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬಂಡೆಯೂ ಕಬ್ಬಿಣವೂ ಕೈಯಿಂದ ಹಿಡಿಯಲಾಗದಷ್ಟು ಕಾಯುತ್ತವೆ.

ಊರಿನ ನೀರಿನ ಟ್ಯಾಂಕ್, ಮೊಬೈಲ್ ಗೋಪುರ ಮತ್ತು ವಿದ್ಯುತ್ ಗೋಪುರಗಳು ಮೂರೂ ತಾಲ್ಲೂಕುಗಳಿಗೆ ಸಾಮಾನ್ಯ. ಟ್ಯಾಂಕಿನ ಕಬ್ಬಿಣದ ಏಣಿಯು ಸದಾ ತೇವಕ್ಕೆ ಒಡ್ಡಿಕೊಂಡಿರುವುದರಿಂದ ಬೇಗ ತುಕ್ಕು ಹಿಡಿಯುತ್ತದೆ. ಬಣ್ಣದ ಕೆಳಗಿನ ತುಕ್ಕು ಹೊರಗೆ ಕಾಣುವುದಿಲ್ಲ. ಮೆಟ್ಟಿಲು ಕಳಚಿದರೆ ಮೇಲಿರುವವರಿಗೆ ಇಳಿಯಲು ಬೇರೆ ದಾರಿಯೇ ಇರುವುದಿಲ್ಲ.

ಅವಘಡದ ನಂತರದ ಸಮಯವೂ ಮುಖ್ಯವಾದುದು. ತಲೆ ಅಥವಾ ಬೆನ್ನುಹುರಿಗೆ ತೀವ್ರ ಪೆಟ್ಟಾದವರಿಗೆ ತಾಲ್ಲೂಕು ಕೇಂದ್ರದಲ್ಲಿ ಪ್ರಥಮ ಚಿಕಿತ್ಸೆ ದೊರೆತರೂ ಹೆಚ್ಚಿನ ಚಿಕಿತ್ಸೆಗೆ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಸಿಂಧನೂರು ಮತ್ತು ಲಿಂಗಸುಗೂರುಗಳಿಂದ ಜಿಲ್ಲಾ ಕೇಂದ್ರವಾದ ರಾಯಚೂರಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರವಿದೆ. ಮಹಾನಗರದಲ್ಲಿ ಬದುಕಿ ಉಳಿಯಬಹುದಾದ ಗಾಯಾಳುವಿಗೆ ಈ ದೂರವೇ ಮುಳುವಾಗಬಹುದು.

ಅಧ್ಯಯನಗಳು

ಸೆಲ್ಫಿ ಸಂಬಂಧಿತ ಸಾವುಗಳ ಕುರಿತು ಭಾರತೀಯ ವೈದ್ಯರು ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ೨೦೧೧ರ ಅಕ್ಟೋಬರ್‌ನಿಂದ ೨೦೧೭ರ ನವೆಂಬರ್‌ವರೆಗಿನ ಪತ್ರಿಕಾ ವರದಿಗಳನ್ನು ಪರಿಶೀಲಿಸಿ, ಜಗತ್ತಿನಾದ್ಯಂತ ೧೩೭ ಘಟನೆಗಳಲ್ಲಿ ೨೫೯ ಸಾವುಗಳನ್ನು ಗುರುತಿಸಿತು. ಅತಿ ಹೆಚ್ಚು ಸಾವುಗಳು ಭಾರತದಲ್ಲಿ ಸಂಭವಿಸಿದ್ದವು. ಮೃತರ ಸರಾಸರಿ ವಯಸ್ಸು ಸುಮಾರು ೨೩ ವರ್ಷ. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಪುರುಷರು. ನೀರಿನಲ್ಲಿ ಮುಳುಗುವುದು, ವಾಹನ ಅಥವಾ ರೈಲು ಅಪಘಾತ, ಎತ್ತರದಿಂದ ಬೀಳುವುದು ಮುಖ್ಯ ಕಾರಣಗಳಲ್ಲಿ ಸೇರಿದ್ದವು. ಪತ್ರಿಕೆಗೆ ಬಾರದ ಘಟನೆಗಳು ಈ ಲೆಕ್ಕದಲ್ಲಿ ಸೇರಿಲ್ಲ.

ಕಾನೂನು

ಭಾರತದಲ್ಲಿ ಈ ಪ್ರವೃತ್ತಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಇರುವ ಕಾನೂನುಗಳೇ ಅನ್ವಯಿಸುತ್ತವೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೨೫ನೆಯ ಕಲಮು ಇತರರ ಜೀವಕ್ಕೆ ಅಪಾಯ ತರುವ ದುಡುಕಿನ ಕೃತ್ಯಗಳಿಗೂ, ೩೨೯ನೆಯ ಕಲಮು ಅತಿಕ್ರಮ ಪ್ರವೇಶಕ್ಕೂ ಸಂಬಂಧಿಸಿವೆ. ರೈಲ್ವೆ ಆವರಣಕ್ಕೆ ೧೯೮೯ರ ರೈಲ್ವೆ ಕಾಯ್ದೆ ಅನ್ವಯಿಸುತ್ತದೆ. ಸಂರಕ್ಷಿತ ಸ್ಮಾರಕಗಳಿಗೆ ಹಾನಿ ಮಾಡುವುದು ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಪರಾಧ.

೨೦೨೪ರ ಜೂನ್‌ನಲ್ಲಿ ಪುಣೆಯ ಪಾಳುಬಿದ್ದ ಕಟ್ಟಡವೊಂದರ ಅಂಚಿನಿಂದ, ಗೆಳೆಯನ ಒಂದು ಕೈ ಹಿಡಿದು ಯುವತಿಯೊಬ್ಬಳು ತೂಗಾಡಿದ ರೀಲ್ಸ್ ಹರಡಿದಾಗ ಪೊಲೀಸರು ಸಂಬಂಧಪಟ್ಟವರ ಮೇಲೆ ಪ್ರಕರಣ ದಾಖಲಿಸಿದರು. ಯಾರಿಗೂ ಪೆಟ್ಟಾಗದಿದ್ದರೂ ಕೃತ್ಯವೇ ದಂಡನಾರ್ಹವಾಗಬಹುದೆಂಬುದಕ್ಕೆ ಇದು ನಿದರ್ಶನ. ವು ಯೊಂಗ್‌ನಿಂಗ್ ಅವರ ಸಾವಿನ ಮೊಕದ್ದಮೆಯಲ್ಲಿ ಬೀಜಿಂಗ್‌ನ ನ್ಯಾಯಾಲಯವೊಂದು ೨೦೧೯ರಲ್ಲಿ, ವಿಡಿಯೊಗಳನ್ನು ಪ್ರಸಾರ ಮಾಡಿದ ಜಾಲತಾಣವೂ ಭಾಗಶಃ ಹೊಣೆಯೆಂದು ತೀರ್ಪಿತ್ತು, ಮೃತರ ತಾಯಿಗೆ ೩೦,೦೦೦ ಯುವಾನ್ ಪರಿಹಾರ ನೀಡುವಂತೆ ಆದೇಶಿಸಿತು.

ತಡೆಗಟ್ಟುವಿಕೆ

ರಷ್ಯಾದ ಆಂತರಿಕ ವ್ಯವಹಾರಗಳ ಸಚಿವಾಲಯವು ೨೦೧೫ರಲ್ಲಿ ಸುರಕ್ಷಿತ ಸೆಲ್ಫಿ ಕುರಿತ ಚಿತ್ರಸಹಿತ ಕರಪತ್ರ ಹೊರತಂದಿತು. ಮುಂಬೈ ಪೊಲೀಸರು ೨೦೧೬ರಲ್ಲಿ ಅಪಾಯಕರ ಸ್ಥಳಗಳನ್ನು ಸೆಲ್ಫಿ ನಿಷೇಧಿತ ತಾಣಗಳೆಂದು ಗುರುತಿಸಿದರು. ಸ್ಥಳೀಯವಾಗಿ ಕೈಗೊಳ್ಳಬಹುದಾದ ಕ್ರಮಗಳು ಸರಳವಾಗಿವೆ: ನೀರಿನ ಟ್ಯಾಂಕಿನ ಏಣಿಯ ಕೆಳಭಾಗಕ್ಕೆ ಬೀಗವಿರುವ ಬಾಗಿಲು, ವಿದ್ಯುತ್ ಗೋಪುರಗಳಿಗೆ ಮುಳ್ಳುತಂತಿ ಮತ್ತು ಅಪಾಯ ಸೂಚಕ ಫಲಕ, ಕೋಟೆಯ ಅಂಚುಗಳಲ್ಲಿ ಕಟಕಟೆ.

ನಿಷೇಧದೊಡನೆ ಪರ್ಯಾಯವೂ ಬೇಕು. ನೆರೆಯ ಬಾಗಲಕೋಟೆ ಜಿಲ್ಲೆಯ ಬಾದಾಮಿಯ ಮರಳುಗಲ್ಲಿನ ಬಂಡೆಗಳು ದೇಶದ ಹೆಸರಾಂತ ಆರೋಹಣ ತಾಣಗಳಲ್ಲಿ ಒಂದು. ಎತ್ತರದ ಸೆಳೆತವಿರುವ ಯುವಜನರು ತರಬೇತುದಾರರ ಮೇಲ್ವಿಚಾರಣೆಯಲ್ಲಿ ಹಗ್ಗ ಕಟ್ಟಿಕೊಂಡು ಏರಲು ಅಲ್ಲಿ ಅವಕಾಶವಿದೆ. ಚಿತ್ರ ತೆಗೆದುಕೊಳ್ಳುವವರು ಅಂಚಿನಿಂದ ದೂರ ಕುಳಿತು ಅಥವಾ ನಿಂತು, ಬೇರೊಬ್ಬರಿಂದ ಕೆಳಕೋನದಲ್ಲಿ ಚಿತ್ರ ತೆಗೆಸಿದರೆ ಎತ್ತರದ ಭಾವನೆ ಮೂಡುತ್ತದೆ. ಲಾಯ್ಡ್ ಅವರ ಗಡಿಯಾರದ ದೃಶ್ಯವು ನೂರು ವರ್ಷಗಳ ಹಿಂದೆಯೇ ಇದನ್ನು ತೋರಿಸಿಕೊಟ್ಟಿದೆ.

ಅವಘಡದ ಸಂದರ್ಭದಲ್ಲಿ

ಯಾರಾದರೂ ಎತ್ತರದಲ್ಲಿ ಸಿಲುಕಿದ್ದರೆ ಕೆಳಗಿನಿಂದ ಕೂಗಿ ಗಾಬರಿಗೊಳಿಸಬಾರದು, ಅವರ ವಿಡಿಯೊ ತೆಗೆಯುತ್ತ ಹುರಿದುಂಬಿಸಲೂಬಾರದು. ಇದ್ದಲ್ಲಿಯೇ ಗಟ್ಟಿಯಾಗಿ ಹಿಡಿದುಕೊಂಡಿರಲು ಶಾಂತವಾಗಿ ತಿಳಿಸಿ, ಅಗ್ನಿಶಾಮಕ ದಳಕ್ಕೆ ೧೦೧ ಅಥವಾ ತುರ್ತು ಸಂಖ್ಯೆ ೧೧೨ಕ್ಕೆ ಕರೆ ಮಾಡಬೇಕು. ವಿದ್ಯುತ್ ತಗುಲಿದವರನ್ನು ಸರಬರಾಜು ನಿಲ್ಲುವವರೆಗೆ ಮುಟ್ಟಬಾರದು. ವಿದ್ಯುತ್ ಕಂಪನಿಯ ಸಹಾಯವಾಣಿ ೧೯೧೨. ಬಿದ್ದವರ ಕುತ್ತಿಗೆ ಮತ್ತು ಬೆನ್ನನ್ನು ಅಲುಗಿಸದೆ ೧೦೮ ಆಂಬುಲೆನ್ಸ್ ಬರುವವರೆಗೆ ಕಾಯಬೇಕು. ಎತ್ತಿ ಕೂರಿಸುವುದು, ದ್ವಿಚಕ್ರ ವಾಹನದಲ್ಲಿ ಸಾಗಿಸುವುದು ಬೆನ್ನುಹುರಿಯ ಹಾನಿಯನ್ನು ಶಾಶ್ವತಗೊಳಿಸಬಹುದು.