ಚೀಟಿಯಲ್ಲಿ ಬರದ ಎದುರಾಳಿ

ಕೆಜಿಎಫ್‌ನ ಊರಿಗಾಂನಲ್ಲಿರುವ ಡಾ. ಟಿ. ತಿಮ್ಮಯ್ಯ ಎಂಜಿನಿಯರಿಂಗ್ ಕಾಲೇಜು ಸೇರಿರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ಅದೇ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಪಕ್ಕದ ಬಂಗಾರಪೇಟೆಯ ಪದವಿ ಕಾಲೇಜು ಇವೆಲ್ಲ ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಲೆಕ್ಕಕ್ಕೆ. ವಿಶ್ವವಿದ್ಯಾಲಯಗಳು ನಡೆಸುವ ಅಂತರ ಕಾಲೇಜು ಟೂರ್ನಿಗಳು ಅವರವರ ಸಂಯೋಜಿತ ಕಾಲೇಜುಗಳಿಗಷ್ಟೇ ಮೀಸಲು. ಹೀಗಾಗಿ ಒಂದೇ ರೈಲ್ವೆ ಸ್ಟೇಷನ್ನಿನಲ್ಲಿ ಇಳಿಯುವ ಹುಡುಗರು ಎಷ್ಟು ವರ್ಷ ಫುಟ್‌ಬಾಲ್ ಆಡಿದರೂ ಈ ಟೂರ್ನಿಗಳಲ್ಲಿ ಎದುರುಬದುರಾಗುವ ಸಂಭವವೇ ಇಲ್ಲ. ಆಡಬೇಕೆಂದರೆ ತಾವೇ ಮಾತಾಡಿಕೊಂಡು ಆಡಬೇಕು. ನಮ್ಮಲ್ಲಿ ಅದಕ್ಕೆ ಫ್ರೆಂಡ್ಲಿ ಮ್ಯಾಚ್ ಎಂಬ ಹಗುರವಾದ ಹೆಸರಿದೆ. ಮಾತೂ ಹಗುರ, ಮರ್ಯಾದೆಯೂ ಹಗುರ. ನನ್ನ ಮಟ್ಟಿಗೆ ಒಂದು ಕಾಲೇಜು ತಂಡವನ್ನು ಬೆಳೆಸುವುದು ಹೀಗೆ ತಾನೇ ಆರಿಸಿಕೊಂಡ ಪಂದ್ಯಗಳೇ ಹೊರತು ಚೀಟಿ ಎತ್ತಿ ಕೊಟ್ಟ ಪಂದ್ಯಗಳಲ್ಲ.

ನಾಕೌಟ್ ಪದ್ಧತಿಯ ಲೆಕ್ಕವನ್ನೇ ನೋಡಿ. 16 ತಂಡಗಳು ಸೇರಿದರೆ ಒಟ್ಟು 15 ಪಂದ್ಯ. ಮೊದಲ ಸುತ್ತಿನಲ್ಲೇ 8 ತಂಡಗಳು ಮನೆಗೆ, ಅಂದರೆ ಬಂದವರಲ್ಲಿ ಅರ್ಧ ಜನಕ್ಕೆ ಆ ಟೂರ್ನಿಯಲ್ಲಿ ಸಿಗುವುದು ಒಂದೇ ಪಂದ್ಯ. ಫೈನಲ್ ತಲುಪಿದ ಎರಡು ತಂಡಗಳಿಗೆ ನಾಲ್ಕು. ಹೆಚ್ಚು ಆಡಬೇಕಾದ ದುರ್ಬಲ ತಂಡ ಕಡಿಮೆ ಆಡುತ್ತದೆ, ಈಗಾಗಲೇ ಪಳಗಿದ ತಂಡ ಹೆಚ್ಚು ಆಡುತ್ತದೆ. ವಿಶ್ವವಿದ್ಯಾಲಯದ ತಂಡವನ್ನು ಆರಿಸಿ ದಕ್ಷಿಣ ವಲಯದ ಟೂರ್ನಿಗೆ ಕಳಿಸುವುದಷ್ಟೇ ಉದ್ದೇಶವಾದರೆ ಈ ವ್ಯವಸ್ಥೆ ಸಾಕು. ಆದರೆ ಮೂರು ವರ್ಷದ ಡಿಗ್ರಿಯಲ್ಲಿ ಮೂರೇ ಅಧಿಕೃತ ಪಂದ್ಯ ಆಡಿ ಹೊರಬೀಳುವ ಗೋಲ್‌ಕೀಪರ್‌ಗೆ ಅದರಿಂದ ಏನು ದಕ್ಕಿತು?

ಅಮೆರಿಕದ ಕಾಲೇಜುಗಳು ಆಡುವ ಫುಟ್‌ಬಾಲ್ ಬೇರೆ ಆಟ, ಕೈಯಲ್ಲಿ ಚೆಂಡು ಹಿಡಿದು ಓಡುವುದು. ಆದರೆ ಎದುರಾಳಿಯನ್ನು ಗೊತ್ತುಮಾಡುವ ವಿದ್ಯೆಯನ್ನು ಅವರಷ್ಟು ಅರೆದು ಕುಡಿದವರು ಕಡಿಮೆ. ಅಲ್ಲಿ ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿವೆ. ಮೇಲ್ದರ್ಜೆಯ ತಂಡವೊಂದು ಋತುವಿಗೆ ಸಾಮಾನ್ಯವಾಗಿ 12 ಪಂದ್ಯ ಆಡುತ್ತದೆ. 8 ಅಥವಾ 9 ಗುಂಪಿನೊಳಗಿನವು, ಉಳಿದ ಮೂರು-ನಾಲ್ಕು ಹೊರಗಿನವು. ಈ ಹೊರಗಿನ ಪಂದ್ಯಗಳಿಗಾಗಿ ಕ್ರೀಡಾ ವಿಭಾಗದವರು ವರ್ಷಗಳ ಮೊದಲೇ ಕರಾರು ಬರೆಯುತ್ತಾರೆ: ಈ ವರ್ಷ ನಿಮ್ಮಲ್ಲಿ, ಇನ್ನೊಂದು ವರ್ಷ ನಮ್ಮಲ್ಲಿ, ತಪ್ಪಿಸಿದವರು ಇಷ್ಟು ದಂಡ ಕಟ್ಟಬೇಕು. ಸಿರಿವಂತ ಕಾಲೇಜು ಸಣ್ಣ ಕಾಲೇಜಿಗೆ ದುಡ್ಡು ಕೊಟ್ಟು ತನ್ನ ಮೈದಾನಕ್ಕೆ ಕರೆಸಿಕೊಳ್ಳುವುದೂ ಉಂಟು. ಸುಲಭದ ಗೆಲುವು ಕೊಂಡುಕೊಳ್ಳುವ ಉಪಾಯ ಅದು, ಸಂದೇಹವೇ ಬೇಡ. ಆದರೂ 2007ರ ಸೆಪ್ಟೆಂಬರ್ 1ರಂದು ಆನ್ ಆರ್ಬರ್‌ನಲ್ಲಿ ಹಾಗೆ ನಾಲ್ಕು ಲಕ್ಷ ಡಾಲರ್ ಪಡೆದು ಬಂದಿದ್ದ ಅಪಲೇಷಿಯನ್ ಸ್ಟೇಟ್, ದೇಶದಲ್ಲಿ ಐದನೇ ಸ್ಥಾನದಲ್ಲಿದ್ದ ಮಿಷಿಗನ್ ತಂಡವನ್ನು ಲಕ್ಷಕ್ಕೂ ಹೆಚ್ಚು ಜನರ ಮುಂದೆ 34-32ರಿಂದ ಸೋಲಿಸಿತು. ಕೆಳದರ್ಜೆಯಲ್ಲಿ ಹಿಂದಿನ ಎರಡು ವರ್ಷ ಚಾಂಪಿಯನ್ ಆಗಿದ್ದ ಆ ತಂಡಕ್ಕೆ ತನ್ನ ಅಳತೆ ಗೊತ್ತಾದದ್ದು ಗುಂಪಿನ ಹೊರಗೆ ಕಾಲಿಟ್ಟಾಗ.

ನಮಗೆ ಡಾಲರೂ ಬೇಡ, ಲಕ್ಷ ಜನರೂ ಬೇಡ. ಬೇಕಾದ್ದು ಆಯ್ಕೆಯ ವಿವೇಕ: ನಮಗಿಂತ ಗಟ್ಟಿ ತಂಡ ಒಂದು, ಸರಿಸಮ ಒಂದು, ಈಗಷ್ಟೇ ಕಟ್ಟಿಕೊಂಡದ್ದು ಒಂದು. ಸರಿಸಮದ ಎದುರಾಳಿ ಕೆಜಿಎಫ್, ಬಂಗಾರಪೇಟೆಗಳ ನಡುವೆಯೇ ಸಿಗುತ್ತದೆ. ಚಿನ್ನದ ಗಣಿಗಾಗಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಾಕಿದ ಮಾರಿಕುಪ್ಪಂ ಶಾಖಾ ಮಾರ್ಗ ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಮುಟ್ಟುತ್ತದೆ. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಕೆಲಸಕ್ಕಾಗಿ ಬೆಳಗಾಗುವ ಮೊದಲೇ ಬೆಂಗಳೂರಿಗೆ ಹೊರಡುವವರನ್ನು ಹೊರುವುದೂ ಇದೇ ಹಳಿ. ಗಟ್ಟಿ ಎದುರಾಳಿ ಬೇಕೆಂದರೆ ಆಟಗಾರರೂ ಅದೇ ರೈಲು ಹತ್ತಬಹುದು.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಖರ್ಚಿನದು ಸಣ್ಣ ಮಾತು. ಹದಿನಾರು-ಹದಿನೆಂಟು ಜನರ ಪ್ಯಾಸೆಂಜರ್ ಟಿಕೆಟ್ ಯಾವ ಕಾಲೇಜಿನ ಕ್ರೀಡಾ ನಿಧಿಯನ್ನೂ ಮುಳುಗಿಸದು. ನಿಜವಾದ ತೊಡಕು ಸೆಮಿಸ್ಟರ್. ಇಂಟರ್ನಲ್ಸ್, ಲ್ಯಾಬು, ಹಾಜರಾತಿ. ಅದರಲ್ಲೂ ಎರಡು ವಿಶ್ವವಿದ್ಯಾಲಯಗಳ ಕ್ಯಾಲೆಂಡರ್ ಒಂದಕ್ಕೊಂದು ಹೊಂದುವುದಿಲ್ಲ. ಫ್ರೆಂಡ್ಲಿಗೆ ಆನ್ ಡ್ಯೂಟಿ ಹಾಜರಾತಿ ಕೊಡಲು ಪ್ರಾಂಶುಪಾಲರು ಹಿಂದೆಮುಂದೆ ನೋಡುವುದೂ ಸಹಜ. ಆದರೆ ಇದು ದಿನಾಂಕವನ್ನು ಮೊದಲೇ ಗೊತ್ತುಮಾಡಬೇಕು ಎನ್ನುವುದಕ್ಕೆ ಕಾರಣವಾಗುತ್ತದೆ, ಆಡಬಾರದು ಎನ್ನುವುದಕ್ಕಲ್ಲ. ಹಿಂದಿನ ದಿನ ಫೋನ್ ಮಾಡಿ ಹನ್ನೊಂದು ಜನರನ್ನು ಕೂಡಿಹಾಕಿದರೆ ತರಗತಿ ತಪ್ಪುತ್ತದೆ. ಜೂನ್‌ನಲ್ಲೇ ಬರೆದಿಟ್ಟರೆ ಶನಿವಾರ ಮಧ್ಯಾಹ್ನ ಸಾಕು. ದೊಡ್ಡ ತಂಡದ ಕೈಯಲ್ಲಿ ಎಂಟು ಗೋಲು ತಿಂದರೆ ಹುಡುಗರ ಧೈರ್ಯ ಕುಂದುತ್ತದೆ ಎನ್ನುವವರೂ ಇದ್ದಾರೆ. ಈ ಮಾತಿನಲ್ಲಿ ಹುರುಳಿದೆ, ಅದಕ್ಕೇ ಗಟ್ಟಿ ತಂಡ ಒಂದೇ ಸಾಕು ಎಂದೆ. ಆದರೆ ಅದೇ ಎಂಟು ಗೋಲನ್ನು ನಾಕೌಟ್‌ನಲ್ಲಿ ತಿಂದವರಿಗೆ ಅದನ್ನು ತಿದ್ದಿಕೊಳ್ಳಲು ಮುಂದಿನ ವಾರ ಎಂಬುದೇ ಇರುವುದಿಲ್ಲ.

ಒಪ್ಪಂದವನ್ನು ಬಾಯಿಮಾತಿಗೆ ಬಿಡಬಾರದು. ಎರಡು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಅರ್ಧ ಹಾಳೆಯಲ್ಲಿ ಬರೆದು, ಪ್ರಾಂಶುಪಾಲರ ಸಹಿ ಹಾಕಿಸಿ, ಎರಡೂ ಕಡೆಯ ನೋಟಿಸ್ ಬೋರ್ಡಿಗೆ ಅಂಟಿಸಿದರಾಯಿತು: ಮೊದಲ ಪಂದ್ಯ ಊರಿಗಾಂ, ಮರುಪಂದ್ಯ ಬಂಗಾರಪೇಟೆ, ಅರ್ಧಕ್ಕೆ 35 ನಿಮಿಷ, ಐದನೇ ನಂಬರಿನ ಚೆಂಡು ಕರೆದವರದು, ರೆಫರಿ ಎರಡೂ ಕಾಲೇಜಿಗೆ ಸಂಬಂಧವಿಲ್ಲದವರು, ಅವರ ಬಸ್ ಚಾರ್ಜು ಸಮಪಾಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಟೀ, ಬಾಳೆಹಣ್ಣು ಆತಿಥೇಯರದು, ಮಳೆ ಬಂದರೆ ಮುಂದಿನ ಶನಿವಾರ, ಕಾರಣವಿಲ್ಲದೆ ತಪ್ಪಿಸಿದ ಕಾಲೇಜು ಮುಂದಿನ ವರ್ಷ ಎರಡೂ ಪಂದ್ಯಗಳಿಗೆ ತಾನೇ ರೈಲು ಹತ್ತಿ ಬರಬೇಕು.